ಇದ್ದಷ್ಟೇ ಉಸಿರಿನಲ್ಲಿ ಹುಟ್ಟಿದ ಹಾಡು

ಮುಂಬೈಗೆ ಬಂದು ಹದಿನಾಲ್ಕು ವರ್ಷವಾಯಿತು. ಊರಲ್ಲಿದ್ದಾಗ ಕತೆ, ಕವಿತೆ ಅಂತ ಏನಾದರೂ ಬರೆಯುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ನಿಂತುಹೋಯಿತು. ಯಾರಾದರೂ ಕೇಳಿದರೆ ಸಮಯವಿಲ್ಲ ಎನ್ನುತ್ತಿದ್ದೆ. ನಿಜವಾದ ಕಾರಣ ಬೇರೆ. ಎರಡು ಸಾಲು ಬರೆಯುವಷ್ಟರಲ್ಲಿ ಹಿಂದಿ, ಮರಾಠಿ ನುಸುಳಿರುತ್ತಿತ್ತು. ನನ್ನ ಕನ್ನಡ ಮೊದಲಿನಂತಿಲ್ಲ ಅನ್ನಿಸಿ ಅಳಿಸಿಬಿಡುತ್ತಿದ್ದೆ. ಈ ಸಂಕೋಚದಿಂದ ನನ್ನನ್ನು ಹೊರಗೆ ತಂದದ್ದು ನಮ್ಮಂತೆಯೇ ಊರು ಬಿಟ್ಟು ಈ ನಗರಕ್ಕೆ ಬಂದಿದ್ದ ಒಬ್ಬ ಗಾಯಕರ ಬದುಕು. ಅವರು ಕುಮಾರ ಗಂಧರ್ವ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಅವರ ಮೂಲ ಹೆಸರು ಶಿವಪುತ್ರ. ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದ ಉಸ್ತಾದರ, ಪಂಡಿತರ ಹಾಡನ್ನು ಈ ಹುಡುಗ ಇದ್ದಕ್ಕಿದ್ದಂತೆ ಒಪ್ಪಿಸುತ್ತಿದ್ದ. ಒಂದು ತಾನ್ ಕೂಡ ಅತ್ತಿತ್ತ ಆಗುತ್ತಿರಲಿಲ್ಲ. ಬೆರಗಾದ ಸ್ವಾಮೀಜಿಯೊಬ್ಬರು ಕುಮಾರ ಗಂಧರ್ವ ಎಂದು ಕರೆದರು. ಆ ಹೆಸರೇ ಉಳಿಯಿತು.

ಹನ್ನೊಂದು ಹನ್ನೆರಡರ ವಯಸ್ಸಿಗೆ ಹುಡುಗ ಮುಂಬೈ ಸೇರಿದ. ಒಪೇರಾ ಹೌಸ್ ಬಳಿ ಬಿ.ಆರ್. ದೇವಧರರ ಸಂಗೀತ ಶಾಲೆಯಿತ್ತು. ಒಂದೇ ಘರಾಣೆಗೆ ಕಟ್ಟುಬೀಳದ ಗುರುಗಳು ಅವರು. ಪರರ ಹಾಡನ್ನು ಹಾಗೇ ಒಪ್ಪಿಸುತ್ತಿದ್ದ ಹುಡುಗ ಅಲ್ಲಿ ಸ್ವಂತವಾಗಿ ಯೋಚಿಸಿ ಹಾಡಲು ಕಲಿತ. ಇಪ್ಪತ್ತು ದಾಟುವಷ್ಟರಲ್ಲಿ ದೇಶಕ್ಕೆಲ್ಲ ಹೆಸರಾಗಿತ್ತು. 1947ರಲ್ಲಿ, ಅದೇ ಶಾಲೆಯಲ್ಲಿ ಸಂಗೀತ ಕಲಿಯುತ್ತಿದ್ದ ಭಾನುಮತಿಯವರೊಂದಿಗೆ ಮದುವೆಯಾಯಿತು.

ಆ ಹೊತ್ತಿಗೆ ಕ್ಷಯ ಕಾಣಿಸಿಕೊಂಡಿತು. ಒಣ ಹವೆ ಒಳ್ಳೆಯದೆಂದು 1948ರ ಆರಂಭದಲ್ಲಿ ಗಂಡ ಹೆಂಡತಿ ಮಾಳವದ ದೇವಾಸ್‌ಗೆ ಹೋದರು. ಹಾಡಲೇಕೂಡದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಭಾನುಮತಿಯವರು ಶಾಲೆಯಲ್ಲಿ ಪಾಠ ಹೇಳಿ ಮನೆ ನಡೆಸಿದರು, ಗಂಡನ ಶುಶ್ರೂಷೆಯನ್ನೂ ಮಾಡಿದರು. ಇಪ್ಪತ್ನಾಲ್ಕರ ಗಾಯಕ ಐದಾರು ವರ್ಷ ಬಾಯಿ ಮುಚ್ಚಿ ಹಾಸಿಗೆಯಲ್ಲಿದ್ದರು.

ಹಾಡುವಂತಿಲ್ಲ, ಆದರೆ ಕೇಳಬಹುದಿತ್ತು. ಹೊಲಗೆಲಸಕ್ಕೆ ಹೋಗುವ ಹೆಂಗಸರು, ಗುಡ್ಡದ ಮೇಲಿನ ದೇವಿಯ ದರ್ಶನಕ್ಕೆ ಹೊರಟ ಭಕ್ತರು, ಕಬೀರನ ಪದ ಹಾಡುತ್ತಾ ಅಲೆಯುವ ನಾಥ ಜೋಗಿಗಳು ಹೀಗೆ ಮಾಳವದ ಹಾಡುಗಳು ದಿನವೂ ಅವರ ಕಿವಿಗೆ ಬೀಳುತ್ತಿದ್ದವು. ತಪ್ಪೋ ಸರಿಯೋ ಎಂದು ನೋಡದೆ, ಯಾರ ಮೆಚ್ಚುಗೆಗೂ ಕಾಯದೆ ಹಾಡುವ ಜನ ಅವರು. ಆ ನಾಲ್ಕೈದು ಸ್ವರಗಳ ಮಟ್ಟುಗಳಲ್ಲೇ ರಾಗಗಳ ಬೇರಿದೆ ಎಂದು ಕುಮಾರರು ಕಂಡುಕೊಂಡರು.

ಸ್ಟ್ರೆಪ್ಟೋಮೈಸಿನ್ ಔಷಧ ಸಿಕ್ಕಿತು, ಕಾಯಿಲೆ ಹಿಡಿತಕ್ಕೆ ಬಂತು. 1953ರಲ್ಲಿ ಮತ್ತೆ ವೇದಿಕೆ ಏರಿದರು. ಆದರೆ ಒಂದು ಶ್ವಾಸಕೋಶ ಹಾಳಾಗಿತ್ತು. ಬಾಲ್ಯದಿಂದ ಹೊಗಳಿಸಿಕೊಂಡಿದ್ದ ಆ ಅಚ್ಚುಕಟ್ಟು ಗಾಯನಕ್ಕೆ ಬೇಕಾದ ದೀರ್ಘ ಉಸಿರು ಇನ್ನಿರಲಿಲ್ಲ. ಹಳೆಯದನ್ನೇ ಮರಳಿ ತರಲು ಅವರು ಹಟ ಹಿಡಿಯಲಿಲ್ಲ. ಚಿಕ್ಕ ಚಿಕ್ಕ ಸ್ವರಗುಚ್ಛ, ನಡುವೆ ಮೌನ, ಥಟ್ಟನೆ ಏರುವ ದನಿ ಹೀಗೆ ಇದ್ದಷ್ಟೇ ಉಸಿರಿನಲ್ಲಿ ಹೊಸ ಗಾಯನ ಕಟ್ಟಿದರು. ಇದು ಯಾವ ಘರಾಣೆ, ವಿಲಂಬಿತ್ ಎಲ್ಲಿದೆ ಎಂದು ಸಂಪ್ರದಾಯಸ್ಥರು ಮುಖ ಸಿಂಡರಿಸಿದರು. ಅವರು ಹಾಡುತ್ತಲೇ ಹೋದರು.

1961ರಲ್ಲಿ ಎರಡನೇ ಹೆರಿಗೆಯಲ್ಲಿ ಭಾನುಮತಿಯವರು ತೀರಿಕೊಂಡರು. ಆ ಪೆಟ್ಟನ್ನೂ ತಿಂದು ಕುಮಾರರು ಎದ್ದರು. ಮುಂದೆ ಬಾಳಿಗೂ ಹಾಡಿಗೂ ಜೊತೆಯಾದವರು ವಸುಂಧರಾ. ಜನಪದ ಮಟ್ಟುಗಳಿಂದ ಹೊಸ ರಾಗಗಳು ಹುಟ್ಟಿದವು. ಬಂದಿಶ್‌ಗಳ ಸಂಗ್ರಹ ‘ಅನೂಪ ರಾಗ ವಿಲಾಸ’ ಪ್ರಕಟವಾಯಿತು. ಅವರ ಕಬೀರ ಭಜನೆಗಳು ಸಂಗೀತದ ಗಂಧವಿಲ್ಲದವರ ಮನೆಗೂ ತಲುಪಿದವು. 1990ರಲ್ಲಿ ಪದ್ಮವಿಭೂಷಣ ಬಂತು. 1992ರ ಜನವರಿ 12ರಂದು ದೇವಾಸ್‌ನಲ್ಲೇ ಕಣ್ಣು ಮುಚ್ಚಿದರು.

ಅವರ ಧ್ವನಿಮುದ್ರಿಕೆ ಕೇಳುವಾಗ ಒಮ್ಮೊಮ್ಮೆ ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಹಾಡು ಅದರಿಂದ ಕೆಟ್ಟಿಲ್ಲ. ಇನ್ನು ನನ್ನ ಕನ್ನಡ. ಬೆಳಗಾವಿಯ ಹುಡುಗನ ಹಾಡಿನಲ್ಲಿ ಮಾಳವ ಬೆರೆತಂತೆ ನನ್ನ ಮಾತಿನಲ್ಲಿ ಮುಂಬೈ ಬೆರೆತಿದೆ. ಇರಲಿ ಬಿಡಿ. ಮೂರು ಸಲ ಅಳಿಸಿದ್ದ ಈ ಬರಹವನ್ನು ನಾಲ್ಕನೇ ಸಲ ಅಳಿಸದೆ ಕಳಿಸುತ್ತಿದ್ದೇನೆ. ನಿಮ್ಮ ಮೇಜಿನ ಖಾನೆಯಲ್ಲೂ ಅರ್ಧಕ್ಕೆ ನಿಂತದ್ದು ಏನಾದರೂ ಇದ್ದರೆ, ಈ ಭಾನುವಾರ ಹೊರಗೆ ತೆಗೆಯಿರಿ.