ಈಶ್ವರಚಂದ್ರ ವಿದ್ಯಾಸಾಗರರು: ಹಿಡಿ ಅರಳಿನ ಋಣ

ಮಹಾಪುರುಷರ ಚರಿತ್ರೆಯನ್ನು ಬರೆಯತಕ್ಕವರು ಸಾಮಾನ್ಯವಾಗಿ ವಂಶ, ವಿದ್ಯೆ, ಪದವಿ, ಗ್ರಂಥ ಎಂಬ ಕ್ರಮವನ್ನು ಹಿಡಿದು ನಡೆಯುತ್ತಾರೆ. ಪಂಡಿತ ಈಶ್ವರಚಂದ್ರ ವಿದ್ಯಾಸಾಗರರ ವಿಷಯದಲ್ಲಿ ನಾವು ಆ ಕ್ರಮವನ್ನು ಬಿಟ್ಟು, ಅವರು ಹುಟ್ಟುವುದಕ್ಕೆ ಮುಂಚೆ ಕಲಕತ್ತೆಯ ಬೀದಿಯೊಂದರಲ್ಲಿ ನಡೆದ, ನೋಡಿದವರಿಗೆ ಲೆಕ್ಕಕ್ಕೇ ಬಾರದಂಥ ಒಂದು ಸಂಗತಿಯಿಂದ ಆರಂಭಿಸುತ್ತೇವೆ. ಇದಕ್ಕೆ ನಮಗೆ ಆಧಾರವನ್ನು ಕೊಟ್ಟವರು ಸ್ವತಃ ವಿದ್ಯಾಸಾಗರರೇ. ಮುಪ್ಪಿನಲ್ಲಿ ಅವರು ಬರೆಯತೊಡಗಿದ ಆತ್ಮಚರಿತ್ರೆಯು ಬಾಲ್ಯವನ್ನು ದಾಟುವುದರೊಳಗೆ ನಿಂತುಹೋಯಿತು. ಅವರ ಮರಣಾನಂತರ 1891ರಲ್ಲಿ ಪ್ರಕಟವಾದ ಆ ಚಿಕ್ಕ ಪುಸ್ತಕದಲ್ಲಿ ಅವರ ಪದವಿಗಳ ಕಥನವಿಲ್ಲ, ವಿಧವಾವಿವಾಹದ ಕಾಯಿದೆಯ ಕಥನವಿಲ್ಲ. ಆದರೆ ಚುರಮುರಿ ಮಾರಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಹೆಂಗಸಿನ ಕಥೆಯುಂಟು.

ವಿದ್ಯಾಸಾಗರರ ತಂದೆ ಠಾಕೂರದಾಸ ಬಂದ್ಯೋಪಾಧ್ಯಾಯರು. ಅವರ ತಂದೆ ರಾಮಜಯ ತರ್ಕಭೂಷಣರು ಮನಸ್ತಾಪದಿಂದ ಮನೆ ಬಿಟ್ಟು ದೇಶಾಂತರ ಹೋಗಿದ್ದರು. ತಾಯಿ ದುರ್ಗಾದೇವಿಯವರು ಬೀರಸಿಂಹ ಗ್ರಾಮದಲ್ಲಿ ರಾಟೆಯಿಂದ ನೂಲು ತೆಗೆದು, ಅದನ್ನು ಮಾರಿ ಮಕ್ಕಳನ್ನು ಸಾಕುತ್ತಿದ್ದರು. ಈ ಕಷ್ಟವನ್ನು ನೋಡಲಾರದೆ ಹದಿನಾಲ್ಕು ಹದಿನೈದರ ಹುಡುಗ ಠಾಕೂರದಾಸನು ಸಂಪಾದನೆಗೆಂದು ಕಲಕತ್ತೆಗೆ ಹೊರಟನು. ಇಂಗ್ಲಿಷು ಬಂದರೆ ವ್ಯಾಪಾರದ ಕಚೇರಿಗಳಲ್ಲಿ ಚಾಕರಿ ಸಿಕ್ಕೀತೆಂದು ಯಾರೋ ಬುದ್ಧಿ ಹೇಳಿದರು. ಕಲಿಸಲು ಒಪ್ಪಿದವನಿಗೆ ಬಿಡುವು ಇದ್ದದ್ದು ಸಂಜೆಯಲ್ಲಿ ಮಾತ್ರ. ಪಾಠ ಮುಗಿಸಿಕೊಂಡು ಆಶ್ರಯ ಕೊಟ್ಟವರ ಮನೆಗೆ ಬರುವ ಹೊತ್ತಿಗೆ ಅಲ್ಲಿ ಊಟದ ಎಲೆಗಳನ್ನು ಎತ್ತಿ ಆಗಿರುತ್ತಿತ್ತು. ಹೀಗೆ ವಿದ್ಯೆಯ ಬೆಲೆಯನ್ನು ಆ ಹುಡುಗನು ರಾತ್ರಿಯ ಅನ್ನದಿಂದ ಕೊಡುತ್ತ ಬಂದನು. ಮುಂದೆ ಆಶ್ರಯ ಕೊಟ್ಟ ಮತ್ತೊಬ್ಬ ದಯಾವಂತನು ತಾನೇ ಬಡವನಾಗಿದ್ದುದರಿಂದ, ಅವನಿಗೆ ಗಳಿಕೆಯಿಲ್ಲದ ದಿನ ಇಬ್ಬರಿಗೂ ಉಪವಾಸ.

ಠಾಕೂರದಾಸನ ಆಸ್ತಿಯೆಂದರೆ ಒಂದು ಹಿತ್ತಾಳೆಯ ತಟ್ಟೆ, ಒಂದು ತಂಬಿಗೆ. ಅವುಗಳನ್ನು ಮಾರಿ ಕೆಲವು ದಿನ ಹೊಟ್ಟೆ ತುಂಬಿಸಿಕೊಳ್ಳೋಣವೆಂದು ಕಂಚುಗಾರರ ಅಂಗಡಿಗೆ ಹೋದರೆ, ಗುರುತಿಲ್ಲದವರಿಂದ ಹಳೆಯ ಪಾತ್ರೆ ಕೊಂಡು ಕಳವಿನ ಮಾಲಿನ ತಂಟೆಗೆ ಸಿಕ್ಕಿಬೀಳಲು ಒಬ್ಬರೂ ಒಪ್ಪಲಿಲ್ಲ. ಕಂಚುಗಾರರನ್ನು ನಾವು ದೂಷಿಸಲಾರೆವು. ಅಂಗಡಿಯವನಿಗೆ ಅಪರಿಚಿತನೆಂದರೆ ಮೊದಲು ಸಂಶಯ, ಆಮೇಲೆ ಮನುಷ್ಯ.

ಇನ್ನೊಂದು ದಿನ ಮಧ್ಯಾಹ್ನ ಹಸಿವನ್ನು ತಾಳಲಾರದೆ ಅದನ್ನು ಮರೆಯುವುದಕ್ಕಾಗಿ ಅವನು ಬಡಾಬಜಾರಿನಿಂದ ನಡೆಯತೊಡಗಿದನು. ಠಂಠನಿಯಾದವರೆಗೆ ಬರುವುದರೊಳಗೆ ಕಾಲು ಸೋತು ಒಂದು ಅಂಗಡಿಯ ಮುಂದೆ ನಿಂತನು. ಅಲ್ಲಿ ನಡುವಯಸ್ಸಿನ ವಿಧವೆಯೊಬ್ಬಳು ಚುರಮುರಿಯನ್ನೂ ಬೆಲ್ಲದ ಪಾಕ ಹಚ್ಚಿದ ಅರಳನ್ನೂ ಮಾರುತ್ತಿದ್ದಳು. ಏಕೆ ನಿಂತೆಯಪ್ಪಾ ಎಂದು ಆಕೆ ಕೇಳಲು ಅವನು ಕುಡಿಯುವುದಕ್ಕೆ ನೀರು ಬೇಡಿದನು. ಬ್ರಾಹ್ಮಣರ ಹುಡುಗನಿಗೆ ಬರಿಯ ನೀರು ಕೊಡುವುದು ಸರಿಯಲ್ಲವೆಂದು ಆಕೆ ಒಂದಿಷ್ಟು ಅರಳನ್ನೂ ಕೊಟ್ಟಳು. ಅವನು ತಿಂದ ಆತುರವನ್ನು ಕಂಡು, ಈ ದಿನ ಊಟವಾಗಲಿಲ್ಲವೇ ಎಂದು ವಿಚಾರಿಸಿ ನಿಜವನ್ನು ತಿಳಿದುಕೊಂಡಳು. ಆಮೇಲೆ ನೀರು ಕುಡಿಯಬೇಡ, ಸ್ವಲ್ಪ ತಾಳೆಂದು ಹೇಳಿ ಹತ್ತಿರದ ಗೌಳಿಗನ ಅಂಗಡಿಗೆ ಹೋಗಿ ಮೊಸರು ತಂದು, ಇನ್ನಷ್ಟು ಅರಳು ಬೆರೆಸಿ ಹೊಟ್ಟೆ ತುಂಬ ಉಣಿಸಿದಳು. ಅವನ ಕಥೆಯನ್ನೆಲ್ಲ ಕೇಳಿ, ಊಟ ಸಿಕ್ಕದ ದಿನಗಳಲ್ಲಿ ತಪ್ಪದೆ ಇಲ್ಲಿಗೆ ಬರಬೇಕೆಂದು ಒತ್ತಾಯಪಡಿಸಿದಳು. ಏಕಾದಶಿಯ ದಿನ ತಾನು ಹನಿ ನೀರನ್ನೂ ಮುಟ್ಟಲಾಗದೆಂದು ಆಗಿನ ಆಚಾರವು ವಿಧಿಸಿದ್ದ ಹೆಂಗಸು, ಬರಿಯ ಹೊಟ್ಟೆಗೆ ನೀರು ಸಲ್ಲದೆಂದು ಪರರ ಮಗನನ್ನು ತಡೆದಳೆಂಬುದನ್ನು ವಾಚಕರು ಗಮನಿಸಬೇಕು.

ಆಕೆಯ ಹೆಸರನ್ನು ವಿದ್ಯಾಸಾಗರರು ಬರೆದಿಲ್ಲ. ತಂದೆಯ ಬಾಯಿಂದ ಈ ವೃತ್ತಾಂತವನ್ನು ಕೇಳಿ ತಮ್ಮ ಹೃದಯದಲ್ಲಿ ಸ್ತ್ರೀಜಾತಿಯ ಮೇಲೆ ಗಾಢವಾದ ಭಕ್ತಿ ಹುಟ್ಟಿತೆಂದು ಹೇಳಿ, ಆ ಅಂಗಡಿಯಲ್ಲಿ ಗಂಡಸು ಕುಳಿತಿದ್ದರೆ ಇಷ್ಟು ವಾತ್ಸಲ್ಯವನ್ನು ತೋರಿಸುತ್ತಿರಲಿಲ್ಲವೆಂದೂ ಸೇರಿಸಿದ್ದಾರೆ. ಈ ಕೊನೆಯ ಮಾತನ್ನು ಪೂರ್ಣವಾಗಿ ಒಪ್ಪಲು ನಮಗೆ ಸಾಧ್ಯವಿಲ್ಲ. ಠಾಕೂರದಾಸನಿಗೆ ಮುಂದೆ ತಮ್ಮ ಮನೆಯಲ್ಲಿ ಎರಡು ಹೊತ್ತು ಅನ್ನವಿಟ್ಟು, ತಿಂಗಳಿಗೆ ಎಂಟು ರೂಪಾಯಿಯ ಕೆಲಸ ಕೊಡಿಸಿದ ಬಡಾಬಜಾರಿನ ಭಗವತಚರಣ ಸಿಂಹರು ಗಂಡಸರೇ ಆಗಿದ್ದರು, ಬಂಧುಗಳೂ ಆಗಿರಲಿಲ್ಲ.

ಈಶ್ವರಚಂದ್ರರು ಹುಟ್ಟಿದ್ದು 1820ನೆಯ ಇಸವಿ ಸೆಪ್ಟೆಂಬರ್ 26ರಂದು. ಎಂಟು ವರ್ಷದ ಬಾಲಕನಾಗಿ ತಂದೆಯೊಡನೆ ಕಾಲ್ನಡೆಯಿಂದ ಕಲಕತ್ತೆಗೆ ಬರುವಾಗ, ಹಾದಿಯ ಮೈಲಿಗಲ್ಲುಗಳನ್ನು ನೋಡಿಯೇ ಇಂಗ್ಲಿಷ್ ಅಂಕಿಗಳನ್ನು ಕಲಿತ ಕಥೆಯನ್ನು ಬಲ್ಲವರು ಬಹಳ ಜನರಿದ್ದಾರೆ. ಅವರು ಬಂದು ಇಳಿದದ್ದು ಅದೇ ಸಿಂಹರ ಮನೆಯಲ್ಲಿ. ಭಗವತಚರಣರು ತೀರಿಕೊಂಡು ಮಗ ಜಗದ್ದುರ್ಲಭರು ಯಜಮಾನರಾಗಿದ್ದರು. ಅವರ ತಂಗಿ ರಾಯಮಣಿಯೂ ವಿಧವೆ. ಆಕೆ ತನ್ನ ಮಗ ಗೋಪಾಲನಿಗೂ ಬ್ರಾಹ್ಮಣರ ಈ ಹುಡುಗನಿಗೂ ಭೇದವೆಣಿಸದೆ ಸಲಹಿದಳು. ತಮ್ಮನ್ನು ಸ್ತ್ರೀಪಕ್ಷಪಾತಿಯೆಂದು ಜನರು ಆಡಿಕೊಳ್ಳುವುದು ಸರಿಯೇ ಆಗಿದೆ, ರಾಯಮಣಿಯ ಅನ್ನವುಂಡು ಹಾಗಾಗದವನು ಕೃತಘ್ನನೆಂದು ವಿದ್ಯಾಸಾಗರರು ಒಪ್ಪಿಕೊಂಡಿದ್ದಾರೆ.

ಅವರ ಉದ್ಯೋಗದ ಉನ್ನತಿಯನ್ನು ಇಲ್ಲಿ ಬೆಳೆಸುವುದಿಲ್ಲ. ಸಂಸ್ಕೃತ ಕಾಲೇಜಿನ ವಿದ್ಯಾರ್ಥಿಯು 1851ರಲ್ಲಿ ಅದೇ ಕಾಲೇಜಿನ ಪ್ರಿನ್ಸಿಪಾಲರಾದರು. ವಂಗಭಾಷೆಯ ಗದ್ಯಕ್ಕೆ ನಡೆಯನ್ನು ಕಲಿಸಿದರು. ಅವರ ಭ್ರಾಂತಿವಿಲಾಸವನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದುದರಿಂದ ಕನ್ನಡಿಗರೂ ಅವರಿಗೆ ಋಣಿಗಳು.

1855ರಲ್ಲಿ ಅವರು ಪರಾಶರ ಸ್ಮೃತಿಯನ್ನು ಆಧಾರವಾಗಿ ಹಿಡಿದು, ವಿಧವೆಯರ ಪುನರ್ವಿವಾಹವು ಶಾಸ್ತ್ರಸಮ್ಮತವೆಂದು ಎರಡು ಪುಸ್ತಕಗಳನ್ನು ಪ್ರಕಟಿಸಿದರು. ಸರಕಾರಕ್ಕೆ ಅವರು ಕಳುಹಿದ ಅರ್ಜಿಗೆ ರುಜು ಹಾಕಿದವರು 1,000ಕ್ಕೂ ಕಡಿಮೆ. ರಾಧಾಕಾಂತ ದೇವರ ಪಕ್ಷದ ಎದುರರ್ಜಿಯಲ್ಲಿದ್ದ ರುಜುಗಳು 30,000ಕ್ಕೂ ಹೆಚ್ಚು. ಆದರೂ 1856ನೆಯ ಇಸವಿ ಜುಲೈ 26ರಂದು ಕಾಯಿದೆಯಾಯಿತು. ಡಿಸೆಂಬರ್ 7ರಂದು ಕಲಕತ್ತೆಯಲ್ಲಿ ಶ್ರೀಶಚಂದ್ರ ವಿದ್ಯಾರತ್ನರು ಬಾಲವಿಧವೆ ಕಾಳೀಮತಿಯ ಕೈಹಿಡಿದರು. ಇಂಥ ಮದುವೆಗಳ ಖರ್ಚನ್ನು ಹೊತ್ತು ಹೊತ್ತು ವಿದ್ಯಾಸಾಗರರು ಸಾಲಗಾರರಾದರು. 1870ರಲ್ಲಿ ಸ್ವಂತ ಮಗ ನಾರಾಯಣಚಂದ್ರನೇ ವಿಧವೆಯನ್ನು ಮದುವೆಯಾದಾಗ ಬಂಧುಗಳ ಮುನಿಸನ್ನು ಲೆಕ್ಕಿಸದೆ ಸಂತೋಷಪಟ್ಟರು. ಠಂಠನಿಯಾದ ಆ ಹೆಂಗಸಿಗೆ ಇದರಿಂದ ಬಂದ ಲಾಭವೇನೂ ಇಲ್ಲ. ಆಕೆ ಕೊಟ್ಟ ಅರಳಿನ ಬೆಲೆ ಆಕೆಯನ್ನು ಹುಡುಕಿಕೊಂಡು ಹೋಗಲಿಲ್ಲ. ಆಕೆಯ ಹಣೆಬರಹವನ್ನೇ ಹೊತ್ತು ಹುಟ್ಟಿದ ಬೇರೆ ಹೆಣ್ಣುಮಕ್ಕಳ ಬಾಗಿಲಿಗೆ ಹೋಯಿತು.

1866ರ ಕ್ಷಾಮದಲ್ಲಿ ಅವರು ಬೀರಸಿಂಹದಲ್ಲಿ ಅನ್ನಸತ್ರವನ್ನು ತೆರೆದರು. ಉಣ್ಣಲು ಬಂದ ಬಡ ಹೆಂಗಸರ ತಲೆಗೂದಲು ಎಣ್ಣೆ ಕಾಣದೆ ಕೆದರಿದ್ದುದನ್ನು ನೋಡಿ ಎಣ್ಣೆ ಕೊಡಿಸಿದರು. ಹಂಚುವವರು ಕೆಳಜಾತಿಯವರನ್ನು ಮುಟ್ಟಿಯೇವೆಂಬ ಅಂಜಿಕೆಯಿಂದ ದೂರದಿಂದಲೇ ಸುರಿಯುತ್ತಿರಲು, ಪಂಡಿತರು ತಾವೇ ಮುಂದೆ ಬಂದು ಅವರ ತಲೆಗೆ ಎಣ್ಣೆ ಹಚ್ಚಿದರು. ಅನ್ನ ಕೊಡುವವರು ನಮ್ಮ ದೇಶದಲ್ಲಿ ಎಂದೂ ಇದ್ದರು. ಅಂಥವರಲ್ಲಿ ತಲೆಗೆ ಎಣ್ಣೆ ಹಚ್ಚಿದವರು ಎಷ್ಟು ಮಂದಿ?

ಉಪಕಾರವು ಉಪಕಾರವಾಗಿಯೇ ಹಿಂದಿರುಗುವುದೆಂದು ಈ ಚರಿತ್ರೆಯಿಂದ ಯಾರಾದರೂ ತಿಳಿದರೆ ಅದು ಪೂರ್ಣ ಸತ್ಯವಲ್ಲ. ವಿಧವೆಯನ್ನು ಮದುವೆಯಾಗುತ್ತೇವೆಂದು ಹಣ ಪಡೆದು ಮೋಸ ಮಾಡಿದವರಿದ್ದರು. ಫ್ರಾನ್ಸಿನ ವರ್ಸೈಯಲ್ಲಿ ಸಾಲಕ್ಕೆ ಸಿಕ್ಕಿ ಸೆರೆಮನೆಯ ಅಂಚಿನಲ್ಲಿದ್ದ ಕವಿ ಮೈಕೇಲ್ ಮಧುಸೂದನ ದತ್ತರನ್ನು 1864ರಲ್ಲಿ 1,500 ರೂಪಾಯಿ ಕಳುಹಿ ಉಳಿಸಿದುದು, ಆಮೇಲೂ ಅವರಿಗಾಗಿ ತಾವೇ ಸಾಲ ಮಾಡಿದುದು ವಿದ್ಯಾಸಾಗರರನ್ನು ಬಹುಕಾಲ ಕಾಡಿತು. ತಮ್ಮನ್ನು ನಿಂದಿಸುವವನೊಬ್ಬನ ಸುದ್ದಿ ಕೇಳಿ, ಅವನಿಗೆ ತಾನು ಉಪಕಾರವನ್ನೇನೂ ಮಾಡಲಿಲ್ಲವಲ್ಲ ಎಂದು ಅವರು ಆಶ್ಚರ್ಯಪಟ್ಟರೆಂಬ ಮಾತು ಬಂಗಾಲದಲ್ಲಿ ಮನೆಮಾತಾಗಿದೆ. 1869ರ ಸುಮಾರಿಗೆ ಮನಸ್ಸು ಮುರಿದು ಹುಟ್ಟಿದೂರನ್ನು ಬಿಟ್ಟವರು ಮತ್ತೆ ಅಲ್ಲಿಗೆ ಕಾಲಿಡಲಿಲ್ಲ.

ಕೊನೆಯ ಕಾಲದ ಬಹುಭಾಗವನ್ನು ಅವರು ಇಂದಿನ ಝಾರ್ಖಂಡದಲ್ಲಿರುವ ಕರ್ಮಾಟಾಡದಲ್ಲಿ ಸಂತಾಲರ ನಡುವೆ ಕಳೆದರು. ಅಲ್ಲಿಯ ರೈಲ್ವೆ ನಿಲ್ದಾಣಕ್ಕೆ ಈಗ ಅವರ ಹೆಸರೇ ಇದೆ. ಹೋಮಿಯೋಪಥಿ ಔಷಧಿಯ ಪೆಟ್ಟಿಗೆಯನ್ನು ಹಿಡಿದು ಗುಡಿಸಲಿನಿಂದ ಗುಡಿಸಲಿಗೆ ನಡೆಯುವುದು ಅವರ ನಿತ್ಯಕರ್ಮವಾಗಿತ್ತು. ಅವರ ಮನೆಗೆ ಅತಿಥಿಯಾಗಿ ಹೋಗಿದ್ದ ಹರಪ್ರಸಾದ ಶಾಸ್ತ್ರಿಗಳು ಕಂಡ ಒಂದು ದಿನಚರಿಯಿದೆ. ಬೆಳಗಾದರೆ ಸಂತಾಲರು ಮೆಕ್ಕೆಜೋಳದ ತೆನೆಗಳನ್ನು ಹೊತ್ತು ಬಾಗಿಲಿಗೆ ಬರುವರು. ಕೇಳಿದ ಬೆಲೆಯನ್ನು ಕೊಟ್ಟು ಪಂಡಿತರು ಅಷ್ಟನ್ನೂ ಕೊಳ್ಳುವರು. ಅಷ್ಟೊಂದು ತೆನೆ ಇವರಿಗೇಕೆಂದು ಅತಿಥಿಗಳಿಗೆ ಸೋಜಿಗ. ಹೊತ್ತು ಇಳಿಯುತ್ತಲೂ ಸಂತಾಲರು ಗುಂಪುಗುಂಪಾಗಿ ಬಂದು ತಿನ್ನುವುದಕ್ಕೆ ಕೇಳುವರು. ಪಂಡಿತರು ಬೆಳಗ್ಗೆ ಕೊಂಡ ತೆನೆಗಳನ್ನು ತಂದು ಅವರ ಮುಂದೆ ಹಾಕುವರು. ಅವರು ತರಗೆಲೆಗಳನ್ನು ಒಟ್ಟಿ ಬೆಂಕಿ ಮಾಡಿ, ತೆನೆಗಳನ್ನು ಸುಟ್ಟುಕೊಂಡು ಅಲ್ಲಿಯೇ ಕುಳಿತು ತಿನ್ನುತ್ತಿದ್ದರು. ಪಂಡಿತರು ನಿಂತು ನೋಡುತ್ತಿದ್ದರು.