ವೇಲು ತಂಬಿ ದಳವಾ: ಆಯುಧ ಕಳೆದುಕೊಂಡ ರಾಜ್ಯದ ಕಥೆ

ತಿರುವನಂತಪುರದ ಸೆಕ್ರೆಟೇರಿಯಟ್ಟಿನ ಮುಂದಿರುವ ವೇಲು ತಂಬಿ ದಳವಾನ ಪ್ರತಿಮೆಯನ್ನು ಅಲ್ಲಿ ದುಡಿಯುವ ನಮ್ಮ ಹೋಟೆಲು ಬಂಧುಗಳೂ ಗುಮಾಸ್ತ ಮಿತ್ರರೂ ನಿತ್ಯ ಕಾಣುತ್ತಾರೆ. ಅನ್ನ ಕೊಟ್ಟ ನಾಡಿನ ಚರಿತ್ರೆಯನ್ನು ಅರಿಯುವುದು ನಮ್ಮ ಕರ್ತವ್ಯ. ಮೈಸೂರಿನ ದಳವಾಯಿಗಳನ್ನು ಬಲ್ಲ ನಮಗೆ ದಳವಾ ಎಂಬ ಬಿರುದು ಅಪರಿಚಿತವೂ ಅಲ್ಲ. ತಿರುವಾಂಕೂರಿನಲ್ಲಿ ಅದು ಪ್ರಧಾನಮಂತ್ರಿಯ ಪದವಿ.

ವೇಲಾಯುಧನ್ ಚೆಂಬಕರಾಮನ್ ತಂಬಿ 1765ರಲ್ಲಿ, ಈಗ ಕನ್ಯಾಕುಮಾರಿ ಜಿಲ್ಲೆಗೆ ಸೇರಿರುವ ತಲಕುಳಂ ಗ್ರಾಮದಲ್ಲಿ ಜನಿಸಿದನು. ಆಗಿನ ತಿರುವಾಂಕೂರು ಆಯುಧಬಲಕ್ಕೆ ಹೆಸರಾದ ರಾಜ್ಯ. 1741ರ ಕೊಳಚಲ್ ಯುದ್ಧದಲ್ಲಿ ಡಚ್ಚರನ್ನು ಸೋಲಿಸಿ, ಸೆರೆಸಿಕ್ಕ ಡಿ ಲನೊಯ್ ಎಂಬ ಕಪ್ತಾನನಿಂದಲೇ ಸೈನ್ಯಕ್ಕೆ ಶಿಕ್ಷಣ ಕೊಡಿಸಿ, ಉದಯಗಿರಿ ಕೋಟೆಯಲ್ಲಿ ಫಿರಂಗಿ ಎರಕ ಹೊಯ್ಯಿಸಿದ ರಾಜ್ಯವದು. ಆದರೆ ಟಿಪ್ಪು ಸುಲ್ತಾನನ ದಂಡಯಾತ್ರೆಗೆ ಅಂಜಿ ಅದು ಇಂಗ್ಲಿಷ್ ಕಂಪೆನಿಯ ಆಶ್ರಯವನ್ನು ಬಯಸಿತು. 1795ರ ಒಪ್ಪಂದದಿಂದ ಕಂಪೆನಿಯ ಪಡೆಗೆ ವರ್ಷವರ್ಷವೂ ಹಣ ತೆರುವ ಹೊರೆ ಅದರ ಹೆಗಲೇರಿತು.

1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಆ ವರ್ಷವೇ, ತಂಬಿಯ ಹೆಸರು ನಾಡಿಗೆಲ್ಲ ತಿಳಿಯಿತು. ಮಂತ್ರಿ ಜಯಂತನ್ ನಂಬೂದಿರಿಯು ಬಲವಂತದ ವಂತಿಗೆ ಎತ್ತತೊಡಗಿದಾಗ, ಆತನು ಸಹಸ್ರಾರು ಜನರನ್ನು ಕೂಡಿಸಿಕೊಂಡು ರಾಜಧಾನಿಗೆ ನಡೆದು, ಮಂತ್ರಿಯನ್ನು ಪದಚ್ಯುತಗೊಳಿಸಿದನು. ಕೆಲವೇ ವರ್ಷಗಳಲ್ಲಿ ತಾನೇ ದಳವಾ ಆದನು. ಲಂಚಕೋರರು ಆತನ ಹೆಸರು ಕೇಳಿ ನಡುಗುತ್ತಿದ್ದರು. ಆತನ ಶಿಕ್ಷೆಗಳಲ್ಲಿ ದಯೆಗೆ ಸ್ಥಳವಿರಲಿಲ್ಲ.

ಆತನ ಬಾಳಿನ ದುರಂತಕ್ಕೆ ಬೀಜ ಬಿದ್ದದ್ದು 1804ರಲ್ಲಿ. ಬೊಕ್ಕಸ ಬರಿದಾಗಿರಲು ನಾಯರ್ ಸೈನಿಕರ ಭತ್ಯೆಯನ್ನು ಕಡಿಮೆ ಮಾಡಹೊರಟಾಗ ಅವರು ದಂಗೆಯೆದ್ದು ರಾಜಧಾನಿಯತ್ತ ಸಾಗಿದರು. ದಳವಾ ಕೊಚ್ಚಿಗೆ ಹೋಗಿ ಕಂಪೆನಿಯ ರೆಸಿಡೆಂಟ್ ಕರ್ನಲ್ ಮೆಕಾಲೆಯ ನೆರವು ಬೇಡಿದನು. ಇಂಗ್ಲಿಷ್ ವಿದ್ಯಾಭ್ಯಾಸವನ್ನು ತಂದ ಮೆಕಾಲೆಗೆ ಈತನು ದೊಡ್ಡಪ್ಪ. ಕಂಪೆನಿಯ ಬಂದೂಕುಗಳ ಬೆಂಬಲದಿಂದ ದಂಗೆ ಅಡಗಿತು. ಮುಖಂಡರಿಗೆ ಘೋರ ಶಿಕ್ಷೆಯಾಯಿತು. ಆ ನೆರವಿನ ಬೆಲೆಯೇ 1805ರ ಹೊಸ ಒಪ್ಪಂದ. ವಾರ್ಷಿಕ ಕಾಣಿಕೆ ಸುಮಾರು 8 ಲಕ್ಷ ರೂಪಾಯಿಗೆ ಏರಿತು. ರಾಜ್ಯದ ಆಡಳಿತದಲ್ಲಿ ಕೈಹಾಕುವ ಅಧಿಕಾರವೂ ಕಂಪೆನಿಗೆ ದೊರೆಯಿತು. ಸ್ವಂತ ಸೈನಿಕರ ವಿರುದ್ಧ ಪರರ ಆಯುಧವನ್ನು ಕರೆತಂದವನು ಆ ಆಯುಧಕ್ಕೆ ತಾನೇ ಅಧೀನನಾದನು.

ಬಾಕಿ ಹಣಕ್ಕಾಗಿ ರೆಸಿಡೆಂಟನ ಒತ್ತಾಯ ದಿನೇ ದಿನೇ ಹೆಚ್ಚಿತು. ಕೊಡಲು ಬೊಕ್ಕಸದಲ್ಲಿ ಹಣವಿಲ್ಲ, ಬಿಡಲು ಕಂಪೆನಿಗೆ ಮನಸ್ಸಿಲ್ಲ. ಕೊನೆಗೆ ದಳವಾ ಕೊಚ್ಚಿಯ ಮಂತ್ರಿ ಪಾಲಿಯತ್ತ್ ಅಚ್ಚನೊಡನೆ ಕೈಜೋಡಿಸಿದನು. 1808ರ ಡಿಸೆಂಬರ್ ಕೊನೆಯಲ್ಲಿ, ಒಂದು ನಡುರಾತ್ರಿ, ಇಬ್ಬರ ಪಡೆಗಳು ಕೊಚ್ಚಿಯಲ್ಲಿದ್ದ ರೆಸಿಡೆಂಟನ ಮನೆಗೆ ಮುತ್ತಿಗೆ ಹಾಕಿದವು. ಮೆಕಾಲೆ ಹಡಗು ಸೇರಿ ತಪ್ಪಿಸಿಕೊಂಡನು. ಅದೇ ದಿನಗಳಲ್ಲಿ ಸೆರೆಸಿಕ್ಕ ಕಂಪೆನಿಯ 30ಕ್ಕೂ ಹೆಚ್ಚು ಸೈನಿಕರನ್ನು ದಳವಾನ ಕಡೆಯವರು ಕೊಂದರು. ಈ ಕಳಂಕವನ್ನು ನಾವು ಮುಚ್ಚಿಡಬೇಕಾಗಿಲ್ಲ.

1809ರ ಜನವರಿ 11ರಂದು ಕೊಲ್ಲಂ ಸಮೀಪದ ಕುಂಡರದಿಂದ ದಳವಾ ತನ್ನ ಪ್ರಸಿದ್ಧ ಘೋಷಣೆಯನ್ನು ಹೊರಡಿಸಿದನು. ಕಂಪೆನಿ ನೆಲೆಯೂರಿದರೆ ಉಪ್ಪು ಅದರ ಸ್ವತ್ತಾಗುವುದು, ನೆಲಕ್ಕೂ ತೆಂಗಿಗೂ ಮಿತಿಮೀರಿದ ತೆರಿಗೆ ಬೀಳುವುದು ಎಂದು ಎಚ್ಚರಿಸಿ, ಜನರನ್ನು ಹೋರಾಟಕ್ಕೆ ಕರೆದನು. ಆದರೆ ಕೊಲ್ಲಂನಲ್ಲಿ ಆತನ ಸೈನ್ಯ ಸೋತಿತು. ಫೆಬ್ರವರಿಯಲ್ಲಿ ಆರಲ್‌ವಾಯ್‌ಮೊಳಿಯ ಗಡಿಕೋಟೆಯೂ ಅದರ ಹಿಂದೆ ಉದಯಗಿರಿಯೂ ಕಂಪೆನಿಯ ವಶವಾದವು. ಪಾಲಿಯತ್ತ್ ಅಚ್ಚನು ಸಂಧಿಗೆ ಒಪ್ಪಿದರೂ ಗಡೀಪಾರಾದನು. ದಳವಾ ಅಡೂರಿನ ಬಳಿಯ ಮಣ್ಣಡಿಯ ಭಗವತಿ ದೇವಸ್ಥಾನವನ್ನು ಹೊಕ್ಕನು. ಹಿಡಿಯಬಂದವರು ಸುತ್ತುವರಿದಾಗ ಪ್ರಾಣವನ್ನು ನೀಗಿದನು. ಜೀವಂತ ಸೆರೆಯಾಗಲು ಒಪ್ಪಲಿಲ್ಲ. ಶವವನ್ನು ತಿರುವನಂತಪುರದ ಕಣ್ಣಮ್ಮೂಲದಲ್ಲಿ ಗಲ್ಲುಗಂಬಕ್ಕೆ ತೂಗುಹಾಕಿದರು. ಗವರ್ನರ್ ಜನರಲ್ ಮಿಂಟೋ ಕೂಡ ಈ ಹೀನಕೃತ್ಯವನ್ನು ಖಂಡಿಸಿದನು. ತಮ್ಮನಾದ ಪದ್ಮನಾಭನ್ ತಂಬಿಯನ್ನು ಕೊಲ್ಲಂನಲ್ಲಿ ನೇಣುಹಾಕಿದರು.

ಮುಂದೆ ಆದದ್ದನ್ನು ವಿಶೇಷವಾಗಿ ಗಮನಿಸಬೇಕು. ತಿರುವಾಂಕೂರಿನ ಸೈನ್ಯವನ್ನು ವಿಸರ್ಜಿಸಿ, ಅರಮನೆಯ ಕಾವಲಿಗೂ ಮೆರವಣಿಗೆಗೂ ಸುಮಾರು 700 ಮಂದಿಯನ್ನು ಮಾತ್ರ ಉಳಿಸಲಾಯಿತು. ಫಿರಂಗಿ ಎರಕ ಹೊಯ್ಯುತ್ತಿದ್ದ ರಾಜ್ಯಕ್ಕೆ ಮೆರವಣಿಗೆಯ ಕತ್ತಿ ಉಳಿಯಿತು. ಸಂಸ್ಥಾನದಲ್ಲಿ ಸೋಲು ಮತ್ತು ಒಪ್ಪಂದಗಳಿಂದ ಸಾಧಿಸಿದ್ದನ್ನು ಆಂಗ್ಲರು ತಮ್ಮ ನೇರ ಆಳ್ವಿಕೆಯ ಸೀಮೆಗಳಲ್ಲಿ ಕಾಯಿದೆಯಿಂದ ಸಾಧಿಸಿದರು. 1854ರಲ್ಲಿ ಮಲಬಾರಿನ ಮಾಪಿಳ್ಳೆಗಳ ಆಯುಧಕತ್ತಿಯನ್ನು ನಿಷೇಧಿಸುವ ಕಾಯಿದೆ ಬಂತು. 1857ರಲ್ಲಿ ಆಯುಧ ಒಪ್ಪಿಸುವ ಆಜ್ಞೆ ನಮ್ಮ ಮುಧೋಳದ ಸೀಮೆಗೂ ಬಂದಿತು. ಅದನ್ನು ಧಿಕ್ಕರಿಸಿದ ಹಲಗಲಿಯ ಬೇಡರ ಊರು ಆ ನವೆಂಬರಿನಲ್ಲಿ ಬೆಂಕಿಗೆ ಆಹುತಿಯಾದದ್ದನ್ನು ಲಾವಣಿಗಳು ಇಂದಿಗೂ ಹೇಳುತ್ತವೆ. 1878ರಲ್ಲಿ ಲಿಟ್ಟನ್ ಪ್ರಭುವಿನ ಕಾಲದ ಕಾಯಿದೆಯು ಪರವಾನಗಿಯಿಲ್ಲದೆ ಕೋವಿ, ಮದ್ದುಗುಂಡು ಇಡಬಾರದೆಂದು ವಿಧಿಸಿತು. ಐರೋಪ್ಯರಿಗೆ ಅದರಿಂದ ವಿನಾಯಿತಿ! ಆ ಕಾಯಿದೆ ತೊಲಗಿದ್ದು ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆ 1962ರಲ್ಲಿ ಜಾರಿಗೆ ಬಂದಾಗ. ಪರವಾನಗಿ ಇಂದಿಗೂ ಬೇಕು. ಆದರೆ ಐರೋಪ್ಯರಿಗೆ ಕೊಡುತ್ತಿದ್ದ ಆ ವಿನಾಯಿತಿ ಈಗಿಲ್ಲ.

ದಳವಾನ ಖಡ್ಗವನ್ನು ಕಿಳಿಮಾನೂರು ಅರಮನೆಯವರು ಸುಮಾರು ಒಂದೂವರೆ ಶತಮಾನ ಕಾಪಾಡಿ, 1957ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರಿಗೆ ಒಪ್ಪಿಸಿದರು. ದೆಹಲಿಯಲ್ಲಿದ್ದ ಅದು 2010ರಲ್ಲಿ ತಿರುವನಂತಪುರದ ನೇಪಿಯರ್ ವಸ್ತುಸಂಗ್ರಹಾಲಯಕ್ಕೆ ಮರಳಿ ಬಂದಿತು. ಬಿಡುವು ದೊರೆತ ದಿನ ನಮ್ಮ ಬಂಧುಗಳು ಅದನ್ನು ನೋಡಬೇಕು. ಮನೆಯ ಜಗಳಕ್ಕೆ ಹೊರಗಿನ ಕೋವಿಯನ್ನು ಕರೆದರೆ ಮನೆಯೇ ಕೈತಪ್ಪುವುದೆಂಬುದನ್ನು ಆ ವೀರನು ತಡವಾಗಿ ಅರಿತನು. ಅರಿತ ಮೇಲೆ ತಲೆಬಾಗಲಿಲ್ಲ. ಮಲಯಾಳಿಗಳು ಆತನನ್ನು ಪ್ರೀತಿಯಿಂದ ನೆನೆಯುವುದು ಇದಕ್ಕಾಗಿಯೇ ಎಂದು ನಾವು ಭಾವಿಸುತ್ತೇವೆ.