ಹರ್ಮನ್ ಫೋಟಿಂಗರ್: ಜಾರುವುದನ್ನೇ ಕೆಲಸಕ್ಕೆ ಹಚ್ಚಿದವನು

ಹಿರಿಯೂರಿನಿಂದ ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ಏರು ಹತ್ತುವ ಲಾರಿಗಳಲ್ಲಿ ಹೆಚ್ಚಿನವಕ್ಕೆ ಇರೋದು ಡ್ರೈವರ್ ಕಾಲಲ್ಲಿ ಒತ್ತುವ ಕ್ಲಚ್. ಈಚೆಗೆ ಬಂದಿರುವ ಎಎಂಟಿ ಲಾರಿಗಳಲ್ಲೂ ಅದೇ ಕ್ಲಚ್ ಪ್ಲೇಟು, ಒತ್ತುವ ಕೆಲಸ ಮಾತ್ರ ಯಂತ್ರದ್ದು. ಆದರೆ ಹೊಸದುರ್ಗ, ಹೊಳಲ್ಕೆರೆಯಲ್ಲಿ ಕೆರೆ ಹೂಳೆತ್ತುವ ಜೆಸಿಬಿ ನೋಡಿ, ಅದಿರು ತುಂಬುವ ಲೋಡರ್ ನೋಡಿ. ಅಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಗಟ್ಟಿಯಾದ ಜೋಡಣೆಯೇ ಇಲ್ಲ, ಬರೀ ಎಣ್ಣೆ. ಆ ಎಣ್ಣೆಯ ಹಿಂದೆ ಒಬ್ಬ ಜರ್ಮನ್ ಇಂಜಿನಿಯರ್ ಇದ್ದಾನೆ. ನಮ್ಮ ಟೆಕ್ಸ್ಟ್ ಬುಕ್ಕಿನಲ್ಲಿ ಟಾರ್ಕ್ ಕನ್ವರ್ಟರ್ ಚಿತ್ರ ಇರುತ್ತೆ, ಅವನ ಹೆಸರು ಸಾಮಾನ್ಯವಾಗಿ ಇರಲ್ಲ.

ಹರ್ಮನ್ ಫೋಟಿಂಗರ್ ಹುಟ್ಟಿದ್ದು 1877ರಲ್ಲಿ, ನ್ಯೂರೆಂಬರ್ಗ್‌ನಲ್ಲಿ. ಮ್ಯೂನಿಕ್‌ನಲ್ಲಿ ಓದಿದ್ದು ಎಲೆಕ್ಟ್ರಿಕಲ್. ಮೆಕ್ಯಾನಿಕಲ್‌ನವರು ಬೇಜಾರಾಗಬಾರದು, ಅವನು ಎಲೆಕ್ಟ್ರಿಕಲ್ ಆಗಿದ್ದರಿಂದಲೇ ಈ ಕಥೆ ನಡೆದಿದ್ದು. 1899ರಲ್ಲಿ ಸ್ಟೆಟಿನ್ ಊರಿನ ವುಲ್ಕನ್ ಹಡಗುಕಟ್ಟೆಗೆ ಕೆಲಸಕ್ಕೆ ಸೇರಿದ. ಆಗ ಹಡಗುಗಳಿಗೆ ಸ್ಟೀಮ್ ಟರ್ಬೈನ್ ಬರ್ತಾ ಇದ್ದ ಕಾಲ. ಟರ್ಬೈನ್ ಜೋರಾಗಿ ತಿರುಗಿದರೇ ಚೆನ್ನ, ಪ್ರೊಪೆಲ್ಲರ್ ನಿಧಾನ ತಿರುಗಿದರೇ ಚೆನ್ನ. ಜೊತೆಗೆ ಟರ್ಬೈನ್ ಹಿಂದಕ್ಕೆ ತಿರುಗಲ್ಲ. ಇವೆರಡನ್ನೂ ಹೊಂದಿಸೋದು ಹೇಗೆ?

ಫೋಟಿಂಗರ್‌ಗೆ ಮೊದಲು ಹೊಳೆದದ್ದು ಎಲೆಕ್ಟ್ರಿಕಲ್ ದಾರಿ: ಟರ್ಬೈನಿಗೆ ಜನರೇಟರ್, ಪ್ರೊಪೆಲ್ಲರಿಗೆ ಮೋಟಾರ್. ಆದರೆ ಆ ಯಂತ್ರಗಳು ಭಾರ, ದುಬಾರಿ. ಜನರೇಟರ್ ಜಾಗಕ್ಕೆ ಪಂಪು, ಮೋಟಾರ್ ಜಾಗಕ್ಕೆ ನೀರಿನ ಟರ್ಬೈನ್ ಇಟ್ಟರೆ? ಆಗಲೂ ಎರಡರ ನಡುವಿನ ಪೈಪುಗಳಲ್ಲಿ ಶಕ್ತಿ ಸೋರಿಹೋಗುತ್ತೆ. ಅವನ ಜಾಣತನ ಇರೋದು ಇಲ್ಲೇ. ಪೈಪನ್ನೇ ಕಿತ್ತುಹಾಕಿದ. ಪಂಪಿನ ಚಕ್ರ, ಟರ್ಬೈನ್ ಚಕ್ರ ಎರಡನ್ನೂ ಎದುರುಬದುರಾಗಿ ಒಂದೇ ಡಬ್ಬಿಯಲ್ಲಿ ಕೂರಿಸಿ, ನಡುವೆ ಅಲುಗಾಡದ ಇನ್ನೊಂದು ಚಕ್ರ ಇಟ್ಟ. ಈ ಮೂರನೆಯದು ದ್ರವದ ದಿಕ್ಕು ತಿರುಗಿಸಿ ಟಾರ್ಕ್ ಹೆಚ್ಚಿಸುತ್ತೆ. ಅದನ್ನು ತೆಗೆದರೆ ಬರೀ ಫ್ಲೂಯಿಡ್ ಕಪ್ಲಿಂಗ್, ಟಾರ್ಕ್ ಹೆಚ್ಚಲ್ಲ. ಪೇಟೆಂಟ್ ಅರ್ಜಿಯ ವರ್ಷ 1905, ಅವನಿಗೆ ಆಗ 28.

ಇದರಲ್ಲಿ ಔಟ್‌ಪುಟ್ ಸದಾ ಸ್ವಲ್ಪ ಹಿಂದೆ ಬೀಳಲೇಬೇಕು. ಎರಡು ಚಕ್ರಗಳ ವೇಗ ಪೂರ್ತಿ ಸಮವಾದರೆ ದ್ರವದ ಸುತ್ತಾಟ ನಿಲ್ಲುತ್ತೆ, ಟಾರ್ಕೂ ಇಲ್ಲ. ಅಂದರೆ ಸ್ಲಿಪ್ ಇಲ್ಲಿ ದೋಷ ಅಲ್ಲ, ಅದೇ ಕೆಲಸ. ಬೆಲೆ ಮಾತ್ರ ತೆರಬೇಕು: ಜಾರಿದಷ್ಟೂ ಶಕ್ತಿ ಬಿಸಿಯಾಗುತ್ತೆ. ಹಡಗಿನಲ್ಲಿ ಅವನು ಬಳಸಿದ್ದು ನೀರು. ಆ ಬಿಸಿಯನ್ನೂ ದಂಡ ಮಾಡದೆ ಬಾಯ್ಲರ್‌ಗೆ ಹೋಗುವ ನೀರು ಕಾಯಿಸೋಕೆ ಬಳಸಿಕೊಂಡ.

1909ರಲ್ಲಿ ಡ್ಯಾನ್‌ಜಿಗ್‌ನಲ್ಲಿ ಪ್ರೊಫೆಸರ್ ಆದ. ಆದರೆ ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಪಾರ್ಸನ್ಸ್ ಒಂದು ಹಳೆ ಹಡಗಿನ ಟರ್ಬೈನಿಗೆ ಗೇರ್ ಹಾಕಿ ಓಡಿಸಿ ತೋರಿಸಿಬಿಟ್ಟ. ಫೋಟಿಂಗರ್ ಯಂತ್ರ ನೂರಕ್ಕೆ ಹತ್ತು ಪಾಲಿನಷ್ಟು ಶಕ್ತಿ ತಿನ್ನುತ್ತಿತ್ತು, ಒಳ್ಳೆಯ ಗೇರು ಒಂದೆರಡು ಪಾಲು ಅಷ್ಟೇ. ಹಡಗುಗಳು ಗೇರ್ ಕಡೆ ಹೊರಳಿದವು. ಯಾವುದಕ್ಕೆ ಅಂತ ಮಾಡಿದ್ದನೋ ಅಲ್ಲೇ ಅವನ ಯಂತ್ರ ಸೋತಿತು.

ಅದು ಗೆದ್ದದ್ದು ರಸ್ತೆಯ ಮೇಲೆ, ಬೇರೆಯವರ ಕೈಯಲ್ಲಿ. 1920ರ ದಶಕದಲ್ಲಿ ಹೆರಾಲ್ಡ್ ಸಿಂಕ್ಲೇರ್ ಎಂಬ ಬ್ರಿಟಿಷ್ ಇಂಜಿನಿಯರ್ ಲಂಡನ್ ಬಸ್ಸುಗಳ ಜಗ್ಗಾಟ ತಪ್ಪಿಸಲು ಈ ಕಪ್ಲಿಂಗ್ ಹಿಡಿದ. 1930ರಲ್ಲಿ ಡೈಮ್ಲರ್ ಕಾರಿಗೆ ಬಂತು. 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್‌ನಲ್ಲಿ ಜನರಲ್ ಮೋಟಾರ್ಸ್ ಇದಕ್ಕೆ ಪ್ಲಾನೆಟರಿ ಗೇರ್ ಸೇರಿಸಿ ಪೂರ್ತಿ ಆಟೋಮ್ಯಾಟಿಕ್ ಮಾಡಿತು. ಇದಕ್ಕೆಂದೇ ಬೇರೆ ಎಣ್ಣೆ, ಟೈಪ್ ಎ, 1949ರಲ್ಲಿ ಬಂತು. ಕ್ಲಚ್ ಪ್ಲೇಟು ಹದವಾಗಿ ಹಿಡಿಯಲಿ ಅಂತ ಅದಕ್ಕೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ತಿಮಿಂಗಿಲ ರಕ್ಷಣೆಯ ಕಾನೂನು ಬಂದ ಮೇಲೆ ಅದು ನಿಂತಿತು.

ಈ ಹಂತದಲ್ಲಿ ಎಣ್ಣೆಯ ಕೆಲಸ ನಾಲ್ಕು ಪಟ್ಟು ಆಯಿತು. ಟಾರ್ಕ್ ದಾಟಿಸಬೇಕು, ಬಿಸಿ ಹೊತ್ತೊಯ್ಯಬೇಕು, ಗೇರು ತೋಯಿಸಬೇಕು, ಪ್ರೆಶರ್ ಕೊಟ್ಟು ಒಳಗಿನ ಕ್ಲಚ್‌ಗಳನ್ನು ಒತ್ತಿ ಹಿಡಿಯಬೇಕು. ಮೆಕ್ಯಾನಿಕ್ ಇವತ್ತು ಗಾಡಿ ಸ್ಲಿಪ್ ಹೊಡೀತಿದೆ ಅಂದರೆ, ಅದು ಸಾಮಾನ್ಯವಾಗಿ ಫೋಟಿಂಗರ್‌ನ ಸ್ಲಿಪ್ ಅಲ್ಲ, ಈ ಕ್ಲಚ್‌ಗಳದ್ದು. ಎಣ್ಣೆ ಕಮ್ಮಿಯಾದರೆ ಪಂಪು ಗಾಳಿ ಎಳೆಯುತ್ತೆ, ಪ್ರೆಶರ್ ಬೀಳುತ್ತೆ, ಪ್ಲೇಟು ಜಾರುತ್ತೆ. ಇಂಜಿನ್ ರೇಸ್ ಆಗುತ್ತೆ, ಗಾಡಿ ಹೋಗಲ್ಲ. ಜಾರಿದ ಬಿಸಿಗೆ ಎಣ್ಣೆ ಸುಡುತ್ತೆ, ಸುಟ್ಟ ಎಣ್ಣೆಗೆ ಪ್ಲೇಟು ಇನ್ನೂ ಜಾರುತ್ತೆ. ಹೆಚ್ಚು ಸುರಿದರೂ ತೊಂದರೆಯೇ, ಗೇರು ಕಡೆದು ನೊರೆ ಎಬ್ಬಿಸುತ್ತೆ.

ಆದ್ದರಿಂದ ಸೈಟಿನಲ್ಲಿ ಇಂಟರ್ನ್‌ಶಿಪ್ ಮಾಡೋರು ಡಿಪ್‌ಸ್ಟಿಕ್ ನೋಡೋದು ಕಲಿಯಿರಿ. ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ನ್ಯೂಟ್ರಲ್, ಎಣ್ಣೆ ಬಿಸಿ, ಸಾಮಾನ್ಯವಾಗಿ ಇಂಜಿನ್ ಚಾಲೂ. ಗಾಡಿಯ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ಎಣ್ಣೆ ಕೆಂಪಗಿರುವ ಜಾತಿಯದಾಗಿದ್ದು, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಹೋಗ್ತಿದೆ ಅಂತ ಅರ್ಥ. ಹಾಲು ಬೆರೆಸಿದ ಹಾಗೆ ಕಂಡರೆ ಕೂಲರ್‌ನಿಂದ ನೀರು ಸೇರಿರಬಹುದು. ಅಂಗಡಿಯಲ್ಲಿ ಸಿಕ್ಕ ಯಾವುದೋ ಎಣ್ಣೆ ಸುರಿಯೋದಂತೂ ಬೇಡ, ಹಿಡಿತದ ಲೆಕ್ಕವೇ ತಪ್ಪುತ್ತೆ.

ಫೋಟಿಂಗರ್ 1924ರಲ್ಲಿ ಬರ್ಲಿನ್‌ಗೆ ಹೋಗಿ, ದ್ರವಗಳ ಹರಿವಿನ ಬಗ್ಗೆ ಪಾಠ ಮಾಡುತ್ತಾ, ಪ್ರಯೋಗ ಮಾಡುತ್ತಾ ಉಳಿದ. ಪೇಟೆಂಟುಗಳು ನೂರು ದಾಟಿದವು. ಯುದ್ಧದಲ್ಲಿ ಅಮೆರಿಕದ ಎಂ5 ಟ್ಯಾಂಕುಗಳು ಅವನ ಕಪ್ಲಿಂಗ್ ಇದ್ದ ಗೇರ್‌ಬಾಕ್ಸ್ ಹಾಕಿಕೊಂಡೇ ಯುರೋಪಿಗೆ ಬಂದವು. 1945ರ ಏಪ್ರಿಲ್ ಕೊನೆಯಲ್ಲಿ, ಬರ್ಲಿನ್ ಬೀಳಲು ಕೆಲವೇ ದಿನ ಇದ್ದಾಗ, ಸಿಡಿದ ಶೆಲ್ಲಿನ ಚೂರು ತಗುಲಿ ಸತ್ತ. ವಯಸ್ಸು 68.